ಗಂಡನಿಗಿಂತ ಮೊದಲು ನುಂಗಬಾರದ ಗುಳಿಗೆ

ಸಭೆಯ ಅಧ್ಯಕ್ಷರಾದ ಮಲಕಾಜಪ್ಪನವರೇ, ನಮ್ಮ ಜತ್ತ ಊರು ಬಿಟ್ಟು ವರ್ಗವಾಗಿ ಹೊರಟಿರುವ ಡಾಕ್ಟರ್ ಶ್ರೀಶೈಲಪ್ಪನವರೇ, ಶೇಗಾಂವ, ಬೆಳುಂಕಿಗಳಿಂದ ಚಕ್ಕಡಿ ಕಟ್ಟಿಕೊಂಡು ಬಂದ ಸಭಿಕರೇ, ಬಲಗಡೆ ಕುಳಿತ ತಾಯಂದಿರೇ,

ನಾನು ಕಾಳಿನ ವ್ಯಾಪಾರಿ ಗುರುಲಿಂಗಪ್ಪ. ತೂಗಿ ಮಾತಾಡಬೇಕೆಂದೇ ಬಂದಿದ್ದೇನೆ.

ಎರಡು ವರ್ಷದ ಹಿಂದೆ, ಐವತ್ತೈದನೇ ಇಸವಿಯಲ್ಲಿ, ನನ್ನ ಹೆಂಡತಿ ಭಾಗವ್ವನ ಎದೆಯಲ್ಲಿ ರಕ್ತ ಹೆಪ್ಪುಗಟ್ಟುತ್ತಿದೆ, ಹಾಗೇ ಬಿಟ್ಟರೆ ಜೀವಕ್ಕೇ ಅಪಾಯ ಎಂದು ಡಾಕ್ಟರರು ಹೇಳಿದರು. ರಕ್ತ ತೆಳ್ಳಗಾಗಿಸುವ ಗುಳಿಗೆಯನ್ನು ಮುಂಬಯಿಯಿಂದ ತರಿಸಿದರು. ಎಂಥ ಗುಳಿಗೆ? ನನ್ನ ಅಂಗಡಿಯಲ್ಲಿ ಇಲಿಗೆ ಇಡುವ ಹೊಸ ಔಷಧದ ಜಾತಿಯದೇ! ಪ್ರಮಾಣ ಮಾತ್ರ ಬೇರೆ. ಇದನ್ನು ಕೇಳಿದ ನನ್ನ ತಾಯಿ ಹಾಲವ್ವ, "ಮನ್ಯಾಗ ಬಳ್ಳೊಳ್ಳಿ ಇರೂವಾಗ ಸೊಸಿಗಿ ಇಲಿ ಔಷಧ ಯಾಕೋ? ಆಕಿ ಏನ್ ನಿನ್ನ ಜ್ವಾಳದ ಚೀಲ ಕಡದಾಳೇನು?" ಎಂದಳು. ತಿಂಗಳು ಪೂರ್ತಿ ಬೆಳ್ಳುಳ್ಳಿಯ ಮದ್ದು ನಡೆಯಿತು. ವಾಸನೆಗೆ ಬೀಗರು ಬರುವುದು ನಿಂತಿತು. ಭಾಗವ್ವನ ಏದುಸಿರು ನಿಲ್ಲಲಿಲ್ಲ.

ಕೊನೆಗೆ ಭಾಗವ್ವ ಗುಳಿಗೆಗೆ ಒಪ್ಪಿದಳು. ಆದರೆ ನಮ್ಮ ಮನೆಗಳ ರೂಢಿ ನಿಮಗೆ ಗೊತ್ತಲ್ಲ? ಗಂಡನ ಬಾಯಿಗೆ ಬೀಳದ್ದು ಹೆಂಡತಿಯ ಬಾಯಿಗೂ ಬೀಳುವುದಿಲ್ಲ.

"ಮೊದಲ ನೀವು ತಗೋರಿ, ಆಮ್ಯಾಲ ನಾ."

"ನನಗೇನಾಗೇತಿ?"

"ಏನೂ ಆಗಬಾರದಂತನ ಹೇಳತೀನಿ."

ಇದಕ್ಕೆ ಯಾವ ವಕೀಲ ಉತ್ತರ ಕೊಟ್ಟಾನು? ನಾನೂ ನುಂಗಿದೆ. ಹದಿನೈದು ದಿನಕ್ಕೆ ಕ್ಷೌರದ ಇಮಾಮಸಾಬರ ಕತ್ತಿ ಗಲ್ಲಕ್ಕೆ ತುಸು ತಾಕಿತು. ಮಧ್ಯಾಹ್ನವಾದರೂ ರಕ್ತ ನಿಲ್ಲಲಿಲ್ಲ. "ಸಾವಕಾರ್ರ, ಗಡ್ಡಾನ ಬಿಟ್ಟಬಿಡ್ರಿ. ನಿಮ್ಮ ಸಲುವಾಗಿ ನಾ ಜೇಲಿಗಿ ಹೋಗಾಂವಲ್ಲ" ಎಂದರು.

ಆಗ ನಮ್ಮ ಡಾಕ್ಟರರ ಜಾಣತನ ನೋಡಿ! ಅದೇ ಬಣ್ಣದ, ಅದೇ ಗಾತ್ರದ ಬರೀ ಸಕ್ಕರೆಯ ಗುಳಿಗೆ ಮಾಡಿಸಿ ನನಗೆ ಗುಟ್ಟಾಗಿ ಕೊಟ್ಟರು. ಅಂದಿನಿಂದ ದಿನವೂ ನಾನು ಮುಖ ಕಹಿ ಮಾಡಿಕೊಂಡು ಸಕ್ಕರೆ ನುಂಗುತ್ತೇನೆ, ಅದನ್ನು ನಂಬಿ ಅವಳು...

ಕ್ಷಮಿಸಿ. ಭಾಗವ್ವ ಮೂರನೇ ಸಾಲಿನಲ್ಲಿ ಕುಳಿತಿರುವುದು ಮರೆತೇಹೋಗಿತ್ತು.

ದಯವಿಟ್ಟು ನಗಬೇಡಿ. ಅವಳು ಎದ್ದು ನಿಂತಿದ್ದಾಳೆ. ಭಾಗವ್ವಾ, ಸಿಟ್ಟು ನನ್ನ ಮ್ಯಾಲ ಮಾಡು, ಗುಳಿಗಿ ಮ್ಯಾಲ ಮಾಡಬ್ಯಾಡ. ನೀ ಅದನ್ನ ಬಿಟ್ಟರ ನಾ ಏನ್ ಮಾಡ್ಲಿ? ಡಾಕ್ಟರರೂ ಹೊಂಟಾರ.

ಸಭಿಕರೇ, ಅವಳು ಸಂಚಿ ಬಿಚ್ಚುತ್ತಿದ್ದಾಳೆ. ಇವತ್ತಿನ ಗುಳಿಗೆ ಅದರಲ್ಲಿದೆ. ಸಭೆ ಮುಗಿದು ನಾನು ನನ್ನದನ್ನು ನುಂಗುವ ತನಕ ಕಾಯುವವಳು ಅವಳು. ಇಗೋ, ಕಾಯಲಿಲ್ಲ! ಪಕ್ಕದ ಇಂದ್ರಾಬಾಯಿಯವರ ತಂಬಿಗೆ ಇಸಿದುಕೊಂಡು, ನನ್ನನ್ನೇ ದುರುಗುಟ್ಟಿ ನೋಡುತ್ತ ನುಂಗಿಯೇಬಿಟ್ಟಳು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಮೊದಲ ಸಲ, ನನಗಿಂತ ಮುಂಚೆ! ಇಂದು ನನ್ನ ಮಾನ ಹೋಯಿತು, ಎದೆ ಮಾತ್ರ ಹಗುರವಾಯಿತು.

ಡಾಕ್ಟರರೇ, ಸುಖವಾಗಿ ಹೋಗಿ ಬನ್ನಿ. ನಗು ತಡೆದುಕೊಂಡವರಿಗೂ ತಡೆಯಲಾರದವರಿಗೂ ನಾನು ಋಣಿ. ಮೊದಲು ಭಾಗವ್ವನಿಗೆ, ಆಮೇಲೆ ನಿಮ್ಮೆಲ್ಲರಿಗೆ, ನಮಸ್ಕಾರ.