ಚೇಚಿ ಅನ್ನಬಾರದಂತೆ

ವೈಪಿನ್ ಜೆಟ್ಟಿಯ ಹೆಂಗಸರ ಟಿಕೆಟ್ ಸಾಲಿನಲ್ಲಿ, ದಿನಾ ಅದೇ ಬೋಟಿಗೆ ಬರುವ ಮಾಳವಿಕಾಳ ಮುಂದೆ ಒಂದೇ ರಕ್ತಪರೀಕ್ಷೆ ಲ್ಯಾಬಿನ ಇಬ್ಬರು ನಿಂತಿದ್ದರು, ಹಿರಿಯಳಾದ ಓಮನಾ ಮತ್ತು ಅವಳನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆಯುವ ಕಿರಿಯಳಾದ ನಿಮ್ಮಿ. ದಿನಾ ಇಬ್ಬರಿಗೂ ಟಿಕೆಟ್ ತೆಗೆಯುವವಳು ಓಮನಾ. ಕೇಳಬಾರದೆಂದುಕೊಂಡರೂ ಮಾಳವಿಕಾಳ ಕಿವಿ ಅಲ್ಲೇ ಇತ್ತು.

“ಇನ್ಮೇಲೆ ಲ್ಯಾಬಲ್ಲಿ ಯಾರನ್ನೂ ಚೇಚಿ ಅನ್ನಬಾರದಂತೆ, ಹೆಸರು ಹಿಡಿದೇ ಕರೀಬೇಕಂತೆ! ಮ್ಯಾಡಮ್‌ಗೆ ಈ ನಿಯಮ ಹೇಳಿಕೊಟ್ಟೋರ್ಯಾರೇ?” ಎಂದಳು ಓಮನಾ.

“ನಂಗೇನು ಗೊತ್ತು ಚೇಚಿ?”

“ನೀನಲ್ಲ ತಾನೇ?”

“ಅಯ್ಯೋ! ಸೂಜಿ ಹಿಡಿಯೋದು ಕಲಿಸಿದೋರು ನೀವು. ನಿಮ್ಮ ಹೆಸರು ಕರೆಯೋಕೆ ನನ್ನ ನಾಲಿಗೆ ಹೊರಳುತ್ತಾ?”

“ಮತ್ತೆ ಮೀಟಿಂಗಲ್ಲಿ ಒಪ್ಪಿಗೆ ಅಂತ ಮೊದಲು ಕೈ ಎತ್ತಿದ್ದು ನೀನೇ.”

“ಎಲ್ಲರೂ ಎತ್ತಿದ್ರು ಚೇಚಿ.”

“ನಾನು ಎತ್ತಲಿಲ್ಲ.”

ಅಷ್ಟರಲ್ಲಿ ಬೋಟು ಬಂತು, ಸಾಲು ನುಗ್ಗಿತು.

“ಓಮನಾ, ಬೇಗ!” ಎಂದಳು ನಿಮ್ಮಿ, ಚೂರೂ ತಡವರಿಸದೆ.

ಓಮನಾ ತಿರುಗಿ ಅವಳ ಮುಖ ನೋಡಿದಳು. ಆಮೇಲೆ ಕಿಟಕಿಗೆ ಕೈ ಚಾಚಿ, ಒಂದೇ ಟಿಕೆಟ್ ಕೇಳಿ, ಬೋಟು ಹತ್ತಿದಳು.