ನೀರು ಬಿಟ್ಟ ಸೌತೆಕಾಯಿ

ಹೂಂ ಅನ್ನೋರು ಹತ್ರ ಬನ್ನಿ, ಆಕಳಿಸೋರು ಗೋಡೆಗೆ ಒರಗಿ. ಒಂದಾನೊಂದು ಕಾಲದಲ್ಲಿ ಒಂದು ಸೀಮೆ. ಹೆಸರು ಕೇಳಬೇಡಿ, ನನಗೆ ಕಥೆ ಹೇಳಿದ ಅಜ್ಜಿಗೂ ಗೊತ್ತಿರಲಿಲ್ಲ.

ಆ ಸೀಮೇಲಿ ಒಂದು ಕಟ್ಟಳೆ. ತನ್ನ ಮನೆ ಉಪ್ಪು ತಿಂದೋರ ಮೇಲೆ ಯಾರೂ ಕತ್ತಿ ಎತ್ತೋ ಹಾಗಿಲ್ಲ. ಎತ್ತಿದರೆ ಸ್ವಂತ ಆಳುಗಳೂ ಜೊತೆಗೆ ನಿಲ್ಲೋಲ್ಲ.

ಅಲ್ಲಿಯ ದೊರೆ ಕೆಂಚನಾಯ್ಕ ಮಹಾ ಹಗೆಗಾರ. ಪಕ್ಕದ ಸೀಮೆ ಹೊನ್ನನಾಯ್ಕನ್ನ "ರಾಜಿ ಆಗೋಣ, ಊಟಕ್ಕೆ ಬಾ" ಅಂತ ಕರೆಸಿದ. ಕರೆಸಿ ಏನು ಮಾಡಿದ ಗೊತ್ತಾ? ಉಪ್ಪಿನ ಮಡಕೆಗಳನ್ನೆಲ್ಲ ಕೋಣೇಲಿಟ್ಟು ಬೀಗ ಜಡಿದ. ಅಡುಗೆ ಮಂಚಮ್ಮನ್ನ ಕರೆದ.

"ಅನ್ನಕ್ಕೆ ಉಪ್ಪಿಲ್ಲ. ಸಾರಿಗೆ ಉಪ್ಪಿಲ್ಲ. ಪಲ್ಯಕ್ಕೂ ಉಪ್ಪಿಲ್ಲ. ಕೇಳಿದ್ರೆ ನಮ್ಮಮ್ಮನ ವ್ರತ ಅನ್ನು. ಪಾಯಸ ಬಂದ ತಕ್ಷಣ ನಮ್ಮೋರು ಕತ್ತಿ ಹಿರೀತಾರೆ. ಬಾಯಿ ಬಿಟ್ಟೆಯೋ, ಮೊದಲು ನಿನ್ನ ತಲೆ ಹೋಗುತ್ತೆ."

ಇದನ್ನ ಹೇಗಾದ್ರೂ ತಪ್ಪಿಸಲೇಬೇಕು ಅಂದ್ಕೊಂಡ್ಲು ಮಂಚಮ್ಮ. ಯಾಕೆ? ಹೊನ್ನನಾಯ್ಕನ ಬಂಟರಲ್ಲಿ ಒಬ್ಬ ಅವಳ ಅಳಿಯ ಚನ್ನಿಗ. ಮಗಳು ಏಳು ತಿಂಗಳ ಬಸುರಿ.

ಅಡುಗೆಮನೆ ಬಾಗಿಲಲ್ಲಿ ಕಾವಲಿನ ಬೈರ. ಅನ್ನ ನೆಕ್ಕಿ ನೋಡಿದ, ಸಪ್ಪೆ. ಸಾರು ನೋಡಿದ, ಸಪ್ಪೆ. ಪಲ್ಯ ನೋಡಿದ, ಸಪ್ಪೆ. ಅಷ್ಟರಲ್ಲಿ ನೆಂಟರು ಕೈಕಾಲು ತೊಳೀತಿದ್ರು.

"ಬೋಳು ಎಲೆ ಅಂತಾರೆ ಕಣಪ್ಪ. ಒಂದಿಷ್ಟು ಕೋಸಂಬರಿ ಕಲೆಸ್ತೀನಿ" ಅಂದ್ಲು ಮಂಚಮ್ಮ.

"ಬೇಗ ಮುಗಿಸು."

ಎಳೆ ಸೌತೆಕಾಯಿ ಕೊಚ್ಚಿದ್ಲು. ನೆನೆದ ಹೆಸರುಬೇಳೆ, ಕಾಯಿತುರಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಬೆರೆಸಿದ್ಲು. ಬೈರ ನಾಲಿಗೆಗೆ ಹಾಕ್ಕೊಂಡ. ಸಪ್ಪೆ!

"ಇನ್ನು ನಿಂಬೆಹುಳಿ ಒಂದೇ" ಅಂದವಳು ಬೆನ್ನು ತಿರುಗಿಸಿ ಜಾಡಿಗೆ ಕೈ ಹಾಕಿದ್ಲು. ಅದು ವರ್ಷದಿಂದ ಉಪ್ಪಲ್ಲಿ ನೆನೆದಿದ್ದ ನಿಂಬೆ, ಕೇಳ್ರಪ್ಪ! ಮುಷ್ಟೀಲಿ ಮುಚ್ಚಿಕೊಂಡು ಹಿಂಡಿದ್ಲು. ನಿಂಬೆ ತಾನೇ ಅಂತ ಬೈರ ಮತ್ತೆ ರುಚಿ ನೋಡಲಿಲ್ಲ.

ಬಡಿಸಿದ್ಲು. ಹೊನ್ನನಾಯ್ಕ ಕೋಸಂಬರಿ ಪಕ್ಕಕ್ಕೆ ತಳ್ಳಿದ. "ನಂಗೆ ಹಸೀದು ಆಗೋಲ್ಲ ತಾಯಿ."

ಆಗಲೇ ಪಾಯಸದ ಪಾತ್ರೆ ಒಲೆಯಿಂದ ಇಳೀತು. ಮಂಚಮ್ಮ ಅಳಿಯನ ಎಲೆಗೆ ಇನ್ನೊಂದು ಸೌಟು ಕೋಸಂಬರಿ ಹಾಕಿದ್ಲು. ಚನ್ನಿಗ ಅತ್ತೆ ಮುಖ ನೋಡಿದ, ಒಂದು ತುತ್ತು ಕೋಸಂಬರಿ ಬಾಯಿಗಿಟ್ಟ. ಸಪ್ಪೆ ಊಟದ ನಡುವೆ ಉಪ್ಪು! ಅವನಿಗೆ ಎಲ್ಲ ಹೊಳೀತು.

"ಧಣಿ, ನಮ್ಮತ್ತೆ ಕೈರುಚಿ. ನನಗೋಸ್ಕರ ಒಂದು ತುತ್ತು ತಿನ್ನಿ" ಅಂದ.

ಹೊನ್ನನಾಯ್ಕ ತಿಂದ. ಮಿಕ್ಕವರೂ ತಿಂದ್ರು. ಪಾಯಸ ಬಂತು. ಕತ್ತಿಗಳು ಹೊರಬಂದ್ವು.

"ನಿಲ್ಲಿ! ಈ ಮನೆ ಉಪ್ಪು ತಿಂದಿದ್ದಾರೆ!" ಮಂಚಮ್ಮ ಕಿರುಚಿದ್ಲು.

"ಉಪ್ಪು ಬೀಗದೊಳಗಿದೆ!" ಕೆಂಚನಾಯ್ಕ ಗುಡುಗಿದ.

"ಎಲೆ ನೋಡಿ ದೊರೆ. ಉಪ್ಪು ಸೋಕದೆ ಸೌತೆಕಾಯಿ ಇಷ್ಟು ನೀರು ಬಿಡುತ್ತಾ?"

ಎಲ್ಲರೂ ನೋಡಿದ್ರು. ಪ್ರತಿ ಎಲೇಲೂ ನೀರು ಹರಿದು ಅಂಚಿಗೆ ಬಂದಿತ್ತು. ದೊರೆಯ ಮುದಿತಾಯಿ ಬಗ್ಗಿ, ಬೆರಳು ಅದ್ದಿ, ನಾಲಿಗೆಗೆ ಇಟ್ಟುಕೊಂಡ್ಲು.

"ಉಪ್ಪು ಕಣೋ. ನಾನೇ ಜಾಡೀಲಿ ಹಾಕಿಟ್ಟ ನಿಂಬೇದು."

ಒಂದು ಕತ್ತಿ ಕೆಳಗಿಳೀತು. ಇನ್ನೊಂದು ಇಳೀತು. ಬೈರನದೂ ಇಳೀತು. ಕೆಂಚನಾಯ್ಕ ಒಬ್ಬನೇ ಕತ್ತಿ ಹಿಡಿದು ನಿಂತಿದ್ದ.

"ಕೂತ್ಕೊಂಡು ಉಣ್ಣು" ಅಂದ್ಲು ತಾಯಿ. ಅವನೂ ತೆಪ್ಪಗೆ ಕೂತ.

ಅವತ್ತಿಂದ ಆ ಸೀಮೇಲಿ ಕೋಸಂಬರಿಗೆ ಮೊದಲೇ ಉಪ್ಪು ಹಾಕೋಲ್ಲ. ಉಣ್ಣೋರು ಎಲೆ ಮುಂದೆ ಕೂತ ಮೇಲೆ, ಅವರ ಕಣ್ಣೆದುರಿಗೇ ಹಾಕ್ತಾರೆ. ನೀರು ಬಿಡುತ್ತೆ ಅಂತ ಹೀಗೆ ಮಾಡ್ತಾರೆ ಅಂದ್ಕೊಂಡಿದ್ರಿ ನೀವು, ಅಲ್ವಾ?

ಎಲೆ ಎತ್ತಿದ್ದಾಯ್ತು, ಕಥೆ ಕೈ ತೊಳೀತು.