ಹಾರುವ ಹೀರೋಗೆ ಎರಡೇ ಸ್ಟಾರ್

ಮಗಳ ಎಕ್ಸ್‌ರೇಗಾಗಿ ಆಸ್ಪತ್ರೆಯಲ್ಲಿ ಕಾಯುತ್ತಿದ್ದೆ. ಎದುರು ಬೆಂಚಿನಲ್ಲಿ ಕಾಮಿಕ್ಸ್ ಬರೆಯುವ ಅಕ್ಕ, ಪತ್ರಿಕೆಗೆ ವಿಮರ್ಶೆ ಬರೆಯುವ ತಮ್ಮ. ಅವಳ ಮುಷ್ಟಿಯಲ್ಲಿ ಅಂದಿನ ಪತ್ರಿಕೆ ಮುದುಡಿತ್ತು.

“ಐದಕ್ಕೆ ಎರಡು ಸ್ಟಾರಾ? ಮೂರು ವರ್ಷ ಕೂತು ಬರೆದಿದ್ದೀನಿ ಕಣೋ!”

“ನಗು ಬರಲಿಲ್ಲ ಅಕ್ಕ, ಏನ್ ಮಾಡ್ಲಿ?”

“ಓದಿದೋರೆಲ್ಲ ಹೊಟ್ಟೆ ಹಿಡ್ಕೊಂಡು ನಗ್ತಿದ್ದಾರೆ. ನಿಂಗ್ಯಾಕೆ ಉರೀತು?”

“ನಿನ್ನ ಹೀರೋ ಊರನ್ನೆಲ್ಲ ಕಾಪಾಡ್ತಾನೆ, ಹೆತ್ತ ತಾಯಿ ಕರೆದ್ರೆ ಮಾತ್ರ ಬಿಜಿ. ಅವನ ಕಿವಿ ಕೆಳಗೆ ನನ್ನ ಮಚ್ಚೆ ಬೇರೆ! ಇದು ವಿಡಂಬನೆನಾ? ಮಾನ ಕಳೆಯೋ ಕೆಲಸ.”

“ಮತ್ತೆ ‘ಇಂಥ ಮಗ ಎಲ್ಲೂ ಇರುವುದಿಲ್ಲ, ಪಾತ್ರ ನಂಬುವಂತಿಲ್ಲ’ ಅಂತ ಬರೆದ್ಯಲ್ಲ?”

“ಹೌದು, ಇರಲ್ಲ! ನಾನು ಬಂದಿಲ್ವಾ ಈಗ?”

“ಅಮ್ಮನ್ನ ಸೇರಿಸಿ ಹದಿನಾಲ್ಕು ದಿನ ಆದ್ಮೇಲೆ. ಅದೂ ಫೋನಲ್ಲಿ ನನ್ನ ಹತ್ರ ಉಗಿಸ್ಕೊಂಡು.”

ನರ್ಸ್ ಬಾಗಿಲು ತೆರೆದು, ತಾಯಿಯನ್ನು ನೋಡಲು ಒಬ್ಬರು ಬರಬಹುದು ಎಂದರು. ಅಕ್ಕ ಏಳಲಿಲ್ಲ.

“ಹೋಗು ಮಾರಾಯ. ಒಂದ್ಸಲ ಮುಖ ತೋರಿಸು.”

ಅವನು ಶರ್ಟು ಕೊಡವಿಕೊಂಡು ಬಿರಬಿರನೆ ನಡೆದ. ಬಾಗಿಲ ಬಳಿ ತಿರುಗಿ ನಿಂತ.

“ಅಕ್ಕಾ, ಅಮ್ಮನ ಬೆಡ್ ನಂಬರ್ ಎಷ್ಟು?”

ಅವಳು ಪತ್ರಿಕೆಯನ್ನು ಅವನ ಎದೆಗೆ ಎಸೆದು, ತಾನೇ ಒಳಗೆ ಹೋದಳು.